ಏಳು ಬೀಜ ತಂದ ಬಾಬಾ ಬುಡನ್

 

ನಮ್ಮ ಶಿರವಾಳದ ಕಡೆ ಮನೆಗೆ ಯಾರಾದರೂ ಬಂದರೆ ಮೊದಲು ಒಲೆ ಮೇಲೆ ಇಡೋದು ಚಹಾ. ಕಾಫಿ ಕುಡಿಯುವವರು ಕಡಿಮೆ. ಆದರೆ ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು ೭೦ ಪಾಲು ನಮ್ಮ ಕರ್ನಾಟಕದಾಗೇ ಬೆಳೀತದ. ಇಷ್ಟು ಬೆಳೆಯುವ ಈ ಗಿಡ ಮೂಲತಃ ನಮ್ಮ ನಾಡಿನದಲ್ಲ. ಇದನ್ನು ತಂದವರು ಬಾಬಾ ಬುಡನ್ ಎಂದು ನಾಡಿನ ಜನ ನೆನೆಯುತ್ತಾರೆ. ಈ ಸಲದ ಗೋಡೆ ಪತ್ರಿಕೆಯಲ್ಲಿ ಅವರ ಜೀವನವನ್ನು ತಿಳಿಯೋಣ.

ಬಾಬಾ ಬುಡನ್ ೧೭ನೇ ಶತಮಾನದ ಸೂಫಿ ಸಂತರು. ಸೂಫಿ ಎಂದರೆ ಯಾರು ಅಂತ ನಮಗೆ ಬೇರೆ ಹೇಳಬೇಕಾಗಿಲ್ಲ. ಕಲಬುರಗಿಯ ಖ್ವಾಜಾ ಬಂದೇನವಾಜರೂ ಸೂಫಿಗಳೇ. ಬಾಬಾ ಬುಡನ್ ಅವರು ಇದ್ದದ್ದು ಚಿಕ್ಕಮಗಳೂರಿನ ಹತ್ತಿರದ ಚಂದ್ರದ್ರೋಣ ಪರ್ವತದಲ್ಲಿ. ಈಗ ಆ ಗಿರಿಗೆ ಅವರದೇ ಹೆಸರು, ಬಾಬಾಬುಡನ್‌ಗಿರಿ. ಎತ್ತರ ಸುಮಾರು ೧೯೦೦ ಮೀಟರ್. ಮಂಜು, ಮಳೆ, ದಟ್ಟ ಕಾಡು, ತಣ್ಣನೆ ಗಾಳಿ. ಅವರ ಕಥೆ ಉಳಿದುಕೊಂಡು ಬಂದದ್ದು ಹೆಚ್ಚಾಗಿ ಜನರ ಬಾಯಿಂದ ಬಾಯಿಗೆ.

ಅವರು ಹಜ್ ಯಾತ್ರೆಗೆ ಮೆಕ್ಕಾಕ್ಕೆ ಹೋದರು. ಆಗ ವಿಮಾನ ಇಲ್ಲ, ರೈಲು ಇಲ್ಲ. ಗಾಳಿಯನ್ನು ನಂಬಿ ಹಾಯಿ ಹಡಗಿನಲ್ಲಿ ಅರಬ್ಬಿ ಸಮುದ್ರ ದಾಟಬೇಕು. ಆ ಕಡೆ ಯೆಮನ್ ದೇಶದಲ್ಲಿ ಮೋಕಾ ಎಂಬ ಬಂದರು ಇತ್ತು. ಕಾಫಿ ಗಿಡದ ತವರು ಆಫ್ರಿಕಾದ ಇಥಿಯೋಪಿಯಾ. ಅಲ್ಲಿಂದ ಅದು ಯೆಮನ್‌ಗೆ ಬಂತು. ಯೆಮನ್‌ನ ಸೂಫಿಗಳು ೧೫ನೇ ಶತಮಾನದಲ್ಲೇ ರಾತ್ರಿ ಧ್ಯಾನದಲ್ಲಿ ನಿದ್ದೆ ಬಾರದಿರಲಿ ಎಂದು ಕಾಫಿ ಕಾಯಿಸಿ ಕುಡಿಯುತ್ತಿದ್ದರು.

ಮೋಕಾ ಬಂದರಿನ ವ್ಯಾಪಾರಕ್ಕೆ ಕಾಫಿಯೇ ಜೀವ. ಗಿಡ ಬೇರೆ ದೇಶಕ್ಕೆ ಹೋದರೆ ವ್ಯಾಪಾರ ಕೆಡ್ತದ ಎಂಬ ಭಯ. ಅದಕ್ಕೆ ಬೀಜವನ್ನು ಹುರಿದೋ ಕುದಿಸಿಯೋ ಮಾರುತ್ತಿದ್ದರಂತೆ. ಹುರಿದ ಶೇಂಗಾ ಬಿತ್ತಿದರೆ ಮೊಳಕೆ ಬರ್ತದೇನು? ಹಾಂಗೇ ಇದು. ಕುಡಿಯೋದಕ್ಕೆ ಎಷ್ಟು ಬೇಕಾದರೂ ಕೊಳ್ಳಬಹುದು, ಬೆಳೆಯೋದಕ್ಕೆ ಒಂದು ಕಾಳೂ ಸಿಗೋದಿಲ್ಲ.

ಬಾಬಾ ಬುಡನ್ ಅಲ್ಲಿಂದ ಏಳು ಹಸಿ ಬೀಜಗಳನ್ನು ಗುಟ್ಟಾಗಿ ತಂದರು ಎಂಬುದು ಪ್ರತೀತಿ. ಗಡ್ಡದಲ್ಲಿ ಬಚ್ಚಿಟ್ಟಿದ್ದರು ಅಂತ ಕೆಲವರು, ಸೊಂಟಕ್ಕೆ ಕಟ್ಟಿಕೊಂಡಿದ್ದರು ಅಂತ ಕೆಲವರು ಹೇಳ್ತಾರ. ಇದು ನಡೆದದ್ದು ೧೬೭೦ರ ಸುಮಾರಿಗೆ ಎಂದು ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರೆಯುತ್ತಾರೆ. ಸಿಕ್ಕಿಬಿದ್ದಿದ್ದರೆ ಗತಿ ಏನು? ಇನ್ನೊಂದು ಕಷ್ಟವೂ ಇತ್ತು. ಕಾಫಿ ಬೀಜ ನಮ್ಮ ಜೋಳದಂತೆ ವರ್ಷಗಟ್ಟಲೆ ಇಟ್ಟರೆ ನಡೆಯೋದಿಲ್ಲ, ಕೆಲವು ತಿಂಗಳಲ್ಲೇ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಸಮುದ್ರ ದಾಟಿ, ಘಟ್ಟ ಹತ್ತಿ, ಅಷ್ಟರೊಳಗೆ ಮಣ್ಣಿಗೆ ಹಾಕಬೇಕು.

ಅವರು ಚಂದ್ರದ್ರೋಣದಲ್ಲಿ ತಾವಿದ್ದ ಗುಹೆಯ ಹತ್ತಿರ ಆ ಬೀಜ ನೆಟ್ಟರು ಅಂತಾರ. ಏಳೇ ಬೀಜದಿಂದ ತೋಟ ಆಗ್ತದೇನು ಅಂತ ನೀವು ಕೇಳಬಹುದು. ಆಗ್ತದ. ಈ ಜಾತಿಯ ಕಾಫಿಗೆ ಅರೇಬಿಕಾ ಎಂದು ಹೆಸರು. ಇದರ ಹೂವಿಗೆ ಬೇರೆ ಗಿಡದ ಪರಾಗ ಬೇಕಿಲ್ಲ, ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಒಂದೇ ಗಿಡ ಉಳಿದರೂ ಸಾಕು. ಮೂರು ನಾಲ್ಕು ವರ್ಷಕ್ಕೆ ಮಲ್ಲಿಗೆಯಂಥ ಬಿಳಿ ಹೂ, ಆಮೇಲೆ ಕೆಂಪು ಹಣ್ಣು. ಸಾಮಾನ್ಯವಾಗಿ ಒಂದು ಹಣ್ಣಿನಲ್ಲಿ ಎರಡು ಬೀಜ. ಗಿರಿಯ ತಂಪು ಮತ್ತು ಮರದ ನೆರಳು ಈ ಗಿಡಕ್ಕೆ ಹೇಳಿ ಮಾಡಿಸಿದಂತಿತ್ತು.

ಮುಂದೆ ಈ ಬೆಳೆ ದೊಡ್ಡದಾಯಿತು. ೧೬೯೬ ಮತ್ತು ೧೬೯೯ರಲ್ಲಿ ಡಚ್ಚರು ನಮ್ಮ ಪಶ್ಚಿಮ ಕರಾವಳಿಯ ಮಲಬಾರಿನಿಂದ ಕಾಫಿ ಸಸಿಗಳನ್ನು ಜಾವಾ ದ್ವೀಪಕ್ಕೆ ಒಯ್ದರು. ೧೯ನೇ ಶತಮಾನದಲ್ಲಿ ಬ್ರಿಟಿಷರು ಚಿಕ್ಕಮಗಳೂರು ಮತ್ತು ಕೊಡಗಿನಲ್ಲಿ ದೊಡ್ಡ ತೋಟಗಳನ್ನು ಮಾಡಿದರು. ಗಿಡಕ್ಕೆ ಎಲೆ ತುಕ್ಕು ರೋಗ ಬಿದ್ದು ತೋಟಗಳು ಹಾಳಾದವು. ಅದಕ್ಕೆ ಪರಿಹಾರ ಹುಡುಕಲು ೧೯೨೫ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾಯಿತು.

ಬೀಜ ಬಂದ ಮೇಲೆ ಮನೆಗಳಲ್ಲಿ ಕಾಫಿ ಮಾಡುವ ರೀತಿಗಳೂ ಬೆಳೆದವು. ಹಳೆಯ ರೀತಿ ಬಟ್ಟೆಯದು. ಕುದಿಯುವ ನೀರು ಕೆಳಗಿಳಿಸಿ, ಪುಡಿ ಹಾಕಿ ಮುಚ್ಚಿಟ್ಟು, ಪುಡಿ ತಳ ಸೇರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸೋದು. ಆಮೇಲೆ ಎರಡು ಅಂತಸ್ತಿನ ಹಿತ್ತಾಳೆ ಫಿಲ್ಟರ್ ಬಂತು. ಮೇಲಿನ ಪಾತ್ರೆಯ ತಳಕ್ಕೆ ಸಣ್ಣ ತೂತು. ಪುಡಿ ಹಾಕಿ ಮೆಲ್ಲಗೆ ಒತ್ತಿ, ಕುದಿ ನೀರು ಸುರಿದು ಮುಚ್ಚಿದರೆ ಹನಿ ಹನಿಯಾಗಿ ಗಟ್ಟಿ ಡಿಕಾಕ್ಷನ್ ಇಳೀತದ. ಅದಕ್ಕೆ ಬಿಸಿ ಹಾಲು ಮತ್ತು ಸಕ್ಕರೆ, ಇಲ್ಲವೇ ಬೆಲ್ಲ. ಪಟ್ಟಣದ ಕೆಲವು ಮನೆಗಳಿಗೆ ಪರ್ಕೋಲೇಟರ್ ಬಂತು. ಇದರಲ್ಲಿ ತಳದ ನೀರು ಕುದ್ದು ನಡುವಿನ ಕೊಳವೆಯಲ್ಲಿ ಮೇಲೇರಿ ಪುಡಿಯ ಮೇಲೆ ಬಿದ್ದು, ಮತ್ತೆ ಕೆಳಗಿಳಿದು ಮತ್ತೆ ಮೇಲೇರ್ತದ. ಹೊತ್ತು ನೋಡಿ ಇಳಿಸಬೇಕು. ಬಹಳ ಕುದ್ದರೆ ಪರಿಮಳ ಹಾರಿ ಹೋಗಿ ಕಹಿ ಉಳೀತದ. ಯಾವ ರೀತಿಯಲ್ಲಾದರೂ ತಾಳ್ಮೆ ಬೇಕು.

ಬಾಬಾ ಬುಡನ್ ಈ ಬೆಳೆಯಿಂದ ಸಾಹುಕಾರರಾದರು ಎಂದು ಯಾವ ಕಥೆಯೂ ಹೇಳುವುದಿಲ್ಲ. ಅವರು ಫಕೀರರಾಗಿಯೇ ಉಳಿದರು. ಅವರ ಗಿರಿಯ ಗುಹೆಗೆ ಮುಸ್ಲಿಮರು ದರ್ಗಾ ಎಂದೂ ಹಿಂದೂಗಳು ದತ್ತಪೀಠ ಎಂದೂ ನಡೆದುಕೊಳ್ಳುತ್ತಾರೆ. ನಮ್ಮ ತಿಂಥಣಿ ಮೌನೇಶ್ವರನ ಜಾತ್ರೆಗೆ ಎರಡೂ ಕಡೆಯವರು ಹೋಗುವುದನ್ನು ಕಂಡ ನಮಗೆ ಇದು ಹೊಸದಲ್ಲ.

ಗೆಳೆಯರೇ, ಒಂದು ಲೆಕ್ಕ ಮಾಡಿ ನೋಡಿ. ಏಳು ಕಾಫಿ ಬೀಜ ಹುರಿದು ಪುಡಿ ಮಾಡಿದರೆ ಒಂದು ಕಪ್ ಕಾಫಿಯೂ ಆಗೋದಿಲ್ಲ. ಬಾಬಾ ಬುಡನ್ ಅವನ್ನು ಹುರಿಯಲಿಲ್ಲ, ಬಿತ್ತಿದರು. ಅದರ ಫಲವನ್ನು ಅವರ ಮುಖವನ್ನೂ ಕಾಣದ ಲಕ್ಷಾಂತರ ಜನ ಇಂದಿಗೂ ಉಣ್ಣುತ್ತಿದ್ದಾರೆ. ನಮ್ಮಪ್ಪ ಅಮ್ಮಂದಿರು ಎಷ್ಟೇ ಅಡಚಣೆ ಬಂದರೂ ಬಿತ್ತನೆ ಬೀಜವನ್ನು ಅಡಿಗೆಗೆ ತೆಗೆಯದೆ ಬೇರೆ ಕಟ್ಟಿಡುವುದು ಇದೇ ಕಾರಣಕ್ಕೆ. ನಾವು ಕಲಿಯುವ ನಾಲ್ಕು ಅಕ್ಷರವನ್ನೂ ಹಾಂಗೇ ಜೋಪಾನ ಮಾಡಿ, ಇನ್ನೊಬ್ಬರಿಗೂ ಕಲಿಸೋಣ.