ಧಾರವಾಡದಲ್ಲಿ ಹುಟ್ಟಿದ ಪಳವಣಕರ ಬಾಳೂ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದು ಕಳಿಸು ಎಂದು ಗುರುಗಳು ಫೋನ್ ಮಾಡಿದರು. ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು, ಕಂಪ್ಯೂಟರ್ ಬಗ್ಗೆ ಬರೆಯುತ್ತಾನೆಂದು ಅವರು ಎಣಿಸಿರಬೇಕು. ಆ ವಿಷಯ ಈಗಿನ ಹುಡುಗರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಬರೆಯುತ್ತಿರುವುದು ಒಬ್ಬ ಕ್ರಿಕೆಟ್ ಆಟಗಾರರ ಬಗ್ಗೆ. ಪಳವಣಕರ ಬಾಳೂ ಧಾರವಾಡದಲ್ಲಿ ಹುಟ್ಟಿದ್ದು 1876ರಲ್ಲಿ. ಆಗ ನಮ್ಮ ಕರ್ಜಗಿಯೂ ಧಾರವಾಡ ಜಿಲ್ಲೆಯದೇ ಊರು. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹೀಗಾಗಿ ಅವರನ್ನು ನಮ್ಮ ಜಿಲ್ಲೆಯವರು ಎಂದು ಹೇಳಿಕೊಂಡರೆ ತಪ್ಪಾಗದು.

ಪದಕ ಕೊಡುವ ಸಮಾರಂಭದಲ್ಲೋ ಸನ್ಮಾನದ ವೇದಿಕೆಯಲ್ಲೋ ಆಟಗಾರರು ನಾಡಿನ ವಿಷಯ ಎತ್ತಿದರೆ, ಆಟದಲ್ಲಿ ರಾಜಕೀಯ ಬೇಡ ಎನ್ನುವ ಗೆಳೆಯರು ನನಗೆ ಬಹಳ ಮಂದಿ ಇದ್ದಾರೆ. ಅವರೆಲ್ಲ ಬಾಳೂ ಅವರ ಕಥೆಯನ್ನು ಓದಬೇಕು.

ಬಾಳೂ ಅವರದು ಚಮಗಾರ ಸಮುದಾಯ. ಮನೆತನದ ಮೂಲ ಕೊಂಕಣದ ಕಡೆಯ ಪಳವಣ ಊರು, ಅಡ್ಡಹೆಸರು ಬಂದದ್ದು ಅಲ್ಲಿಂದ. ಕುಟುಂಬ ಪುಣೆಗೆ ಹೋಯಿತು. ಸೈನ್ಯದ ಸಾಹೇಬರು ಬಿಸಾಕಿದ ಬ್ಯಾಟು ಚೆಂಡುಗಳಿಂದ ಬಾಳೂ ಮತ್ತು ತಮ್ಮ ಶಿವರಾಮ ಆಟ ಕಲಿತರು. ಬಾಳೂಗೆ ಸಿಕ್ಕ ಮೊದಲ ಕೆಲಸ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ ರೋಲರ್ ಎಳೆಯುವುದು. ತಿಂಗಳಿಗೆ ಮೂರು ರೂಪಾಯಿ. ಮುಂದೆ ಬಿಳಿಯರ ಪೂನಾ ಕ್ಲಬ್ಬಿಗೆ ಹೋದಾಗ ಪಗಾರ ನಾಲ್ಕು ರೂಪಾಯಿಯಾಯಿತು. ಅಲ್ಲಿ ನೆಟ್ ಕಟ್ಟುವುದರ ಜೊತೆಗೆ ಸಾಹೇಬರಿಗೆ ಚೆಂಡು ಎಸೆಯುವ ಕೆಲಸವೂ ಬಂತು. ಗ್ರೇಗ್ ಎಂಬ ಪ್ರಸಿದ್ಧ ಬ್ಯಾಟ್ಸ್‌ಮನ್ ತಾನು ಔಟಾದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನೆಂದು ಒಂದು ಕಥೆಯಿದೆ. ಸುಳ್ಳೋ ನಿಜವೋ, ಗಂಟೆಗಟ್ಟಲೆ ಹಾಗೆ ಎಸೆದೂ ಎಸೆದೂ ಬಾಳೂ ದೇಶದ ಅತ್ಯುತ್ತಮ ಎಡಗೈ ಸ್ಪಿನ್ನರ್ ಆದರು. ಬ್ಯಾಟು ಹಿಡಿಯುವ ಅವಕಾಶ ಮಾತ್ರ ಅಲ್ಲಿ ಅವರಿಗೆ ಸಿಗಲಿಲ್ಲ. ಅದು ದೊಡ್ಡವರ ಕೆಲಸ.

ಬಿಳಿಯರನ್ನು ಸೋಲಿಸಬೇಕೆಂದಿದ್ದ ಪುಣೆಯ ಹಿಂದೂ ತಂಡಕ್ಕೆ ಇಂಥ ಬೌಲರ್ ಬೇಕೇ ಬೇಕು. ಆದರೆ ಜಾತಿ? ತಂಡದೊಳಗೆ ಜಗಳವಾಗಿ ಕೊನೆಗೆ ಒಂದು ಒಪ್ಪಂದವಾಯಿತು. ಮೈದಾನದಲ್ಲಿ ಎಲ್ಲರೂ ಅದೇ ಚೆಂಡನ್ನು ಮುಟ್ಟುವುದು. ಚಹಾದ ಹೊತ್ತಿಗೆ ಉಳಿದವರು ಪೆವಿಲಿಯನ್ ಒಳಗೆ ಕೂತು ಪಿಂಗಾಣಿ ಕಪ್ಪಿನಲ್ಲಿ ಕುಡಿದರೆ, ಬಾಳೂಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ಮೇಜು. ನಮ್ಮ ಕಡೆ ಹೋಟೆಲಿನ ಹೊರಗೆ ಬೇರೆ ಲೋಟ ಇಡುತ್ತಿದ್ದುದನ್ನು ಕಂಡ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪುಣೆಯಲ್ಲಿ ಪ್ಲೇಗ್ ಬಂದ ಕಾಲಕ್ಕೆ ಅವರು ಮುಂಬೈ ಸೇರಿ ಅಲ್ಲಿನ ಹಿಂದೂ ಜಿಮ್ಖಾನಾ ಪರ ಆಡತೊಡಗಿದರು. 1906ರಲ್ಲಿ ಹಿಂದೂಗಳಿಗೂ ಯುರೋಪಿಯನ್ನರಿಗೂ ಪಂದ್ಯ ನಡೆಯಿತು. ಹಿಂದೂಗಳದು 242 ಮತ್ತು 160. ಯುರೋಪಿಯನ್ನರದು 191, ಎರಡನೆಯ ಸಲ ಬರೀ 102. 109 ರನ್‌ಗಳ ಗೆಲುವು, ಬಾಳೂ ಅವರಿಗೆ ಎಂಟು ವಿಕೆಟ್. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ್ದು ಆಗ ಸಣ್ಣ ಮಾತಲ್ಲ. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಬಹಳಷ್ಟು ಸೋತಿತು, ಬಾಳೂ ಮಾತ್ರ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಮರಳಿ ಬಂದಾಗ ಮುಂಬೈಯ ದಲಿತರು ಸನ್ಮಾನ ಸಭೆ ಮಾಡಿದರು. ಅಲ್ಲಿನ ಮಾನಪತ್ರದ ಹಿಂದೆ ಇದ್ದವರು ಆಗಿನ್ನೂ ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರ್ ಎಂದು ಬಲ್ಲವರು ಬರೆದಿದ್ದಾರೆ.

ಹಾರ, ಮಾನಪತ್ರ, ಚಪ್ಪಾಳೆ ಎಲ್ಲ ಬಂದವು. ನಾಯಕತ್ವ ಬರಲಿಲ್ಲ. ಮುಂಬೈಯ ಚತುಷ್ಕೋನ ಪಂದ್ಯಾವಳಿಯಲ್ಲಿ ಯುರೋಪಿಯನ್, ಪಾರ್ಸಿ, ಹಿಂದೂ, ಮುಸ್ಲಿಂ ಎಂದು ಧರ್ಮದ ಲೆಕ್ಕದಲ್ಲೇ ತಂಡ ಕಟ್ಟುತ್ತಿದ್ದರು. ಅಂದಮೇಲೆ ರಾಜಕೀಯವನ್ನು ಮೈದಾನಕ್ಕೆ ತಂದವರು ಆಟಗಾರರೇನಲ್ಲ, ಟಾಸ್ ಹಾಕುವ ಮೊದಲೇ ಅದು ಅಲ್ಲಿತ್ತು. ಹಿಂದೂ ತಂಡದಲ್ಲಿ ಬಾಳೂ ಎಲ್ಲರಿಗಿಂತ ಅನುಭವಿ. ಆದರೂ ವರ್ಷ ವರ್ಷವೂ ಮೇಲ್ಜಾತಿಯವರೇ ನಾಯಕರು.

1913ರಲ್ಲಿ ಎಂ.ಡಿ. ಪೈ ನಾಯಕರಾದರು. ಅವರ ಗೌಡ ಸಾರಸ್ವತ ಸಮಾಜ ಹೆಮ್ಮೆಯಿಂದ ಸನ್ಮಾನ ಏರ್ಪಡಿಸಿತು. ಸನ್ಮಾನಿತರು ಎದ್ದು ನಿಂತು ಧನ್ಯವಾದ ಹೇಳಿ ಕೂಡುವುದು ವಾಡಿಕೆ. ಪೈ ಅಷ್ಟಕ್ಕೇ ಬಿಡಲಿಲ್ಲ. ಈ ಗೌರವ ಹಿರಿಯರೂ ಅನುಭವಿಯೂ ಆದ ತಮ್ಮ ಗೆಳೆಯ ಬಾಳೂ ಅವರಿಗೆ ಸಲ್ಲಬೇಕಿತ್ತು ಎಂದು ತಮ್ಮವರ ಎದುರಿಗೇ ಹೇಳಿದರು. ಎದುರಾಳಿಯ ಮುಂದೆ ಮಾತಾಡುವುದು ಸುಲಭ. ಕೊರಳಿಗೆ ಹಾರ ಹಾಕಿದ ಸ್ವಂತ ಜಾತಿಯವರ ಮುಂದೆ ಹೀಗೆ ಹೇಳಲು ಗುಂಡಿಗೆ ಬೇಕು. ಈ ಇಡೀ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಗಳಿಗೆ ಇದು.

ಅದರಿಂದ ಜಿಮ್ಖಾನಾದವರ ಮನಸ್ಸೇನೂ ಕರಗಲಿಲ್ಲ. 1920ರ ಪಂದ್ಯಾವಳಿಯ ಹೊತ್ತಿಗೆ ಪೈ ಕಾಯಿಲೆ ಬಿದ್ದರು. ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟು ಡಿ.ಬಿ. ದೇವಧರ್ ಅವರನ್ನು ನಾಯಕರನ್ನಾಗಿ ಮಾಡಿದರು. ಆಗ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ಆಡುವುದಿಲ್ಲವೆಂದು ಹೊರನಡೆದರು. ಸುಮ್ಮನೆ ಹೋಗಲಿಲ್ಲ, ಜಾತಿ ನೋಡಿ ನಾಯಕನನ್ನು ಆರಿಸುತ್ತಿದ್ದಾರೆಂದು ಬಹಿರಂಗ ಹೇಳಿಕೆ ಕೊಟ್ಟೇ ಹೋದರು. ವಿಠ್ಠಲ ಆಗ ತಂಡದ ಮುಖ್ಯ ಬ್ಯಾಟ್ಸ್‌ಮನ್. ಜನ ಅವರ ಪರ ನಿಂತರು. ಅಸ್ಪೃಶ್ಯತೆ ಹೋಗಬೇಕೆಂದು ಗಾಂಧೀಜಿ ದೇಶಕ್ಕೆಲ್ಲ ಹೇಳುತ್ತಿದ್ದ ಕಾಲ ಬೇರೆ. ಜಿಮ್ಖಾನಾ ಮಣಿಯಬೇಕಾಯಿತು. ಮುಂದಿನ ಪಂದ್ಯಕ್ಕೆ ಪೈ ನಾಯಕರಾಗಿ ಮರಳಿದರು, ತಮ್ಮಂದಿರೂ ಬಂದರು, ಬಾಳೂ ಉಪನಾಯಕರಾದರು. ಆಟ ನಡೆದಿರುವಾಗ ಪೈ ಮೈದಾನದಿಂದ ಹೊರಗೆ ಹೋಗಿ, ಸ್ವಲ್ಪ ಹೊತ್ತಾದರೂ ತಂಡವನ್ನು ಬಾಳೂ ನಡೆಸುವಂತೆ ಮಾಡಿದರು.

1968ರಲ್ಲಿ ಮೆಕ್ಸಿಕೋ ಒಲಿಂಪಿಕ್ಸ್‌ನ ಪದಕ ವೇದಿಕೆಯಲ್ಲಿ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಕಪ್ಪು ಕೈಚೀಲ ತೊಟ್ಟ ಮುಷ್ಟಿ ಎತ್ತಿದರು. ಪಕ್ಕದಲ್ಲಿದ್ದ ಬಿಳಿಯ ಪೀಟರ್ ನಾರ್ಮನ್ ಎದೆಗೆ ಅವರಂಥದೇ ಬ್ಯಾಡ್ಜ್ ಹಾಕಿಕೊಂಡು ಜೊತೆ ನಿಂತರು. ಆ ಚಿತ್ರ ಜಗತ್ತಿಗೆಲ್ಲ ಗೊತ್ತು. ಅದಕ್ಕಿಂತ 48 ವರ್ಷ ಮೊದಲೇ ಇಬ್ಬರು ತಮ್ಮಂದಿರು ಅಣ್ಣನಿಗಾಗಿ ಹೊರನಡೆದದ್ದು, ನಾರ್ಮನ್‌ಗಿಂತ ಬಹಳ ಮೊದಲೇ ಒಬ್ಬ ಪೈ ಇದ್ದದ್ದು ನಮಗೇ ಗೊತ್ತಿಲ್ಲ.

1923ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕರಾದರು. ಅಣ್ಣನಿಗೆ ಸಿಗದ್ದು ತಮ್ಮನಿಗೆ ಸಿಕ್ಕಿತು.

ಬಾಳೂ ಮುಂದೆ ನೇರ ರಾಜಕೀಯಕ್ಕೇ ಇಳಿದರು. ಅಲ್ಲಿ ಅವರ ದಾರಿ, ಒಂದು ಕಾಲಕ್ಕೆ ತಮ್ಮನ್ನು ಮೆಚ್ಚಿದ್ದ ಅಂಬೇಡ್ಕರರ ದಾರಿಯಿಂದ ಬೇರೆಯಾಯಿತು. ಅಂಬೇಡ್ಕರ್ ಪ್ರತ್ಯೇಕ ಮತಕ್ಷೇತ್ರ ಕೇಳಿದರು, ಬಾಳೂ ಬೇಡವೆಂದರು. 1932ರಲ್ಲಿ ಗಾಂಧೀಜಿ ಯೆರವಡಾ ಜೈಲಿನಲ್ಲಿ ಉಪವಾಸ ಕೂತಾಗ ನಡೆದ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಳೂ ಕೂಡ ಒಬ್ಬರು. ಮರುವರ್ಷ ಮುಂಬೈ ನಗರಸಭೆಗೆ ಹಿಂದೂ ಮಹಾಸಭೆಯಿಂದ ನಿಂತು ಸೋತರು. 1937ರಲ್ಲಿ ಕಾಂಗ್ರೆಸ್ ಅವರನ್ನು ನಿಲ್ಲಿಸಿದ್ದು ಸಾಕ್ಷಾತ್ ಅಂಬೇಡ್ಕರರ ಎದುರು. ಅಂಬೇಡ್ಕರರಿಗೆ 13,245 ಮತ, ಬಾಳೂಗೆ 11,225. ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದವರು ಅಂಬೇಡ್ಕರರ ವಿರುದ್ಧ ನಿಲ್ಲಬೇಕಿತ್ತೇ? ಈ ಪ್ರಶ್ನೆ ಹಿಡಿದು ನಮ್ಮೂರ ಕಟ್ಟೆಯ ಮೇಲೆ ಕೂತರೆ ಬೆಳಗಾಗುತ್ತದೆ. ನನ್ನ ಮಟ್ಟಿಗೆ ಅಂಬೇಡ್ಕರರೇ ಸರಿ. ಆದರೆ ಕ್ರಿಕೆಟ್ಟಿನಲ್ಲಿ ತಾಳ್ಮೆಯಿಂದ ಒಳಗಿದ್ದೇ ಒಂದೊಂದು ಬಾಗಿಲು ತೆರೆಸಿದವರು, ರಾಜಕೀಯದಲ್ಲೂ ಅದೇ ಆಗುತ್ತದೆಂದು ನಂಬಿದ್ದರೆ ಅದು ನನಗೆ ಅರ್ಥವಾಗುತ್ತದೆ.

ಅವರು ಆಡಿದ ಪ್ರಥಮ ದರ್ಜೆ ಪಂದ್ಯಗಳು 33, ತೆಗೆದ ವಿಕೆಟ್ 179, ಸರಾಸರಿ ಹದಿನೈದು ರನ್ನಿಗೊಂದು. 1955ರ ಜುಲೈ 4ರಂದು ಮುಂಬೈಯಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಗೆ ಕ್ರಿಕೆಟಿಗರೂ ಬಂದಿದ್ದರು, ದಲಿತ ಸಂಸದರೂ ಬಂದಿದ್ದರು.