ಬಳ್ಳಾರಿಯಲ್ಲಿ ತಂಗಿದ ಟಪಾಲು ವಿಮಾನ

ಬಳ್ಳಾರಿಯ ಕೋಟೆಗುಡ್ಡವನ್ನು ನಿತ್ಯವೂ ನೋಡುತ್ತ ಬೆಳೆದವನು ನಾನು. ಹೈದರನ ಕಥೆಯನ್ನೂ ಟೀಪುವಿನ ಕಥೆಯನ್ನೂ ಮನ್ರೋ ಸಾಹೇಬರ ಕಥೆಯನ್ನೂ ಹಿರಿಯರು ಆ ಗುಡ್ಡವನ್ನು ತೋರಿಸಿಯೇ ಹೇಳಿದ್ದರು. ಆದರೆ ಭಾರತದ ವಿಮಾನಯಾನದ ಚರಿತ್ರೆಯ ಮೊದಲ ಪುಟದಲ್ಲಿಯೇ ನಮ್ಮೂರಿನ ಹೆಸರಿದೆಯೆಂಬುದನ್ನು ಯಾರೂ ಹೇಳಿರಲಿಲ್ಲ. ಅದನ್ನು ನಾನು ಅರಿತದ್ದು ಬಹಳ ತಡವಾಗಿ. ಅದೂ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬೇಗುದಿಯ ನೆಪದಿಂದ.

ಆತ ಕುರುಗೋಡಿನ ಹುಡುಗ. ಸಿರುಗುಪ್ಪದ ಕಡೆ ಇದ್ದ ಗದ್ದೆಯನ್ನು ಮಾರಿ, ಸಾಲದು ಎಂದು ಬ್ಯಾಂಕಿನಲ್ಲಿ ಸಾಲವನ್ನೂ ಮಾಡಿ ತಂದೆ ಅವನಿಗೆ ವಿಮಾನ ನಡೆಸುವ ವಿದ್ಯೆ ಕಲಿಸಿದರು. ಇನ್ನೂರು ಗಂಟೆಗಳ ಹಾರಾಟದ ಮೇಲೆ ದೊರೆಯುವ ವೃತ್ತಿಪರವಾನಗಿ ಅವನಿಗೆ ಬೇಗನೆ ದೊರೆಯಿತು. ಆದರೆ ವಿಮಾನದ ಎಡಗಡೆಯ ಆಸನ ಕ್ಯಾಪ್ಟನ್‌ನದು, ಬಲಗಡೆಯದು ಸಹಚಾಲಕನದು. ಬಲದಿಂದ ಎಡಕ್ಕೆ ಸರಿಯಬೇಕಾದ ದೂರ ಎರಡು ಮೊಳವೂ ಇಲ್ಲ. ಅದನ್ನು ದಾಟುವುದಕ್ಕೆ ಅವನು ವರ್ಷಗಟ್ಟಲೆ ಕಾದಿದ್ದಾನೆ. ಅವನು ಮೊದಲು ಸೇರಿದ ಕಂಪನಿ ಮುಚ್ಚಿಹೋಯಿತು. ಎರಡನೆಯ ಕಂಪನಿಯಲ್ಲಿ ಹಳೆಯ ಸೇವೆ ಲೆಕ್ಕಕ್ಕೆ ಬರಲಿಲ್ಲ. ಜ್ಯೇಷ್ಠತಾ ಪಟ್ಟಿಯ ತುದಿಯಲ್ಲಿ ಮತ್ತೆ ಹೆಸರು ಬರೆಸಬೇಕಾಯಿತು. ಒಮ್ಮೆ ರಜೆಯಲ್ಲಿ ಬಂದಾಗ, ಹಿಂದಿನ ಕಾಲದ ಚಾಲಕರೂ ಹೀಗೆಯೇ ಕಾಯುತ್ತಿದ್ದರೇ ಎಂದು ಅವನು ನನ್ನನ್ನು ಕೇಳಿದನು. ಉತ್ತರ ಹುಡುಕಹೊರಟ ನನಗೆ ನೆವಿಲ್ ವಿನ್ಸೆಂಟರು ದೊರೆತರು.

ವಿನ್ಸೆಂಟರು 1902ರಲ್ಲಿ ಹುಟ್ಟಿದವರು; ದಕ್ಷಿಣ ಆಫ್ರಿಕದವರು. ಬ್ರಿಟಿಷರ ರಾಯಲ್ ಏರ್ ಫೋರ್ಸಿನಲ್ಲಿ ಅಧಿಕಾರಿಯಾಗಿ ದುಡಿದು, ಶೌರ್ಯಕ್ಕಾಗಿ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕವನ್ನು ಪಡೆದವರು. ಸೈನ್ಯದಲ್ಲಿಯೇ ಉಳಿದಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಏರುವ ದಾರಿ ಅವರಿಗೆ ತೆರೆದಿತ್ತು. ಅದನ್ನು ಬಿಟ್ಟು ಅವರು ಭಾರತಕ್ಕೆ ಬಂದರು. ಊರಿಂದೂರಿಗೆ ಹಾರುತ್ತ, ಹಣ ಕೊಟ್ಟವರನ್ನು ವಿಮಾನದಲ್ಲಿ ಕೂರಿಸಿ ಒಂದು ಸುತ್ತು ಹಾರಿಸಿ ಇಳಿಸುವುದನ್ನೇ ಉದ್ಯೋಗ ಮಾಡಿಕೊಂಡರು. ಜಾತ್ರೆಯಲ್ಲಿ ತೊಟ್ಟಿಲು ತಿರುಗಿಸುವವನ ಬಾಳಿಗೂ ಇದಕ್ಕೂ ಹೆಚ್ಚಿನ ಅಂತರವಿರಲಿಲ್ಲ. ಆದರೆ ಈ ತಿರುಗಾಟದಿಂದ ಅವರಿಗೆ ನಮ್ಮ ನೆಲವೂ ಗಾಳಿಯೂ ಮಳೆಗಾಲವೂ ಪರಿಚಯವಾದವು.

1929ರ ಮಾರ್ಚಿನಲ್ಲಿ ಇಂಪೀರಿಯಲ್ ಏರ್‌ವೇಸ್ ಕಂಪನಿ ಲಂಡನ್ನಿನಿಂದ ಕರಾಚಿಗೆ ವಿಮಾನಸೇವೆಯನ್ನು ಆರಂಭಿಸಿತು. ಅಷ್ಟು ವೇಗವಾಗಿ ಬಂದ ಟಪಾಲು ಕರಾಚಿಯಲ್ಲಿ ರೈಲನ್ನು ಹತ್ತಿ, ಮುಂಬಯಿಗೂ ಮದರಾಸಿಗೂ ನಿಧಾನವಾಗಿ ಸಾಗುತ್ತಿತ್ತು. ಕರಾಚಿಯಿಂದ ಮುಂದಕ್ಕೂ ಅದನ್ನು ಗಾಳಿಯಲ್ಲಿಯೇ ಒಯ್ಯಬಾರದೇಕೆ? ಈ ಯೋಚನೆಯನ್ನು ಹೊತ್ತು ವಿನ್ಸೆಂಟರು ಟಾಟಾ ಸಂಸ್ಥೆಯ ಬಾಗಿಲಿಗೆ ಬಂದರು. ಅದೇ ವರ್ಷದ ಫೆಬ್ರವರಿ 10ರಂದು ಭಾರತದ ಮೊದಲ ಸಂಖ್ಯೆಯ ಚಾಲಕ ಪರವಾನಗಿಯನ್ನು ಪಡೆದಿದ್ದ ತರುಣ ಜೆ.ಆರ್.ಡಿ. ಟಾಟಾರವರಿಗೆ ಇದು ಹಿಡಿಸಿತು. ಮನೆತನದ ಹಿರಿಯರಾದ ದೊರಾಬ್ಜಿ ಟಾಟಾರವರಿಗೆ ಅಷ್ಟು ಉತ್ಸಾಹವಿರಲಿಲ್ಲ. ಜಾನ್ ಪೀಟರ್ಸನ್ನರು ಸಮಜಾಯಿಷಿ ಹೇಳಿದ ಮೇಲೆ ಎರಡು ಲಕ್ಷ ರೂಪಾಯಿಗಳ ಬಂಡವಾಳಕ್ಕೆ ಅವರು ಒಪ್ಪಿದರು.

ಅಲ್ಲಿಂದ ಮುಂದೆ ಕಾಯುವಿಕೆ. ಜಗತ್ತಿಗೆಲ್ಲ ಆರ್ಥಿಕ ಮುಗ್ಗಟ್ಟು ಕವಿದಿದ್ದ ಕಾಲ. ಸಹಾಯಧನ ಕೊಡಲು ಸರ್ಕಾರ ಒಲ್ಲೆನೆಂದಿತು. ಅರ್ಜಿ ಹೋಯಿತು, ತಿರುಗಿ ಬಂತು. ತಿದ್ದಿದ ಅರ್ಜಿ ಮತ್ತೆ ಹೋಯಿತು. ಕೊನೆಗೆ ಸಹಾಯಧನವೇ ಬೇಡ, ಒಯ್ದ ಟಪಾಲಿನ ತೂಕಕ್ಕೆ ತಕ್ಕ ಬಾಡಿಗೆ ಸಾಕು ಎಂಬಲ್ಲಿಗೆ ಟಾಟಾ ಸಂಸ್ಥೆ ಬಂದು ನಿಂತಿತು. 1932ರ ಏಪ್ರಿಲಿನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಅನುಮತಿ ಕೊಟ್ಟಿದ್ದ ದೊರಾಬ್ಜಿಯವರು ಜೂನಿನಲ್ಲಿ ತೀರಿಕೊಂಡರು; ಮೊದಲ ವಿಮಾನ ಹಾರುವುದನ್ನು ಅವರು ನೋಡಲಿಲ್ಲ.

1932ನೆಯ ಅಕ್ಟೋಬರ್ 15, ಶನಿವಾರ. ಟಾಟಾರವರು ಒಬ್ಬರೇ ಕರಾಚಿಯಿಂದ ಬೆಳಗ್ಗೆ ಹೊರಟು, ಅಹಮದಾಬಾದಿನಲ್ಲಿ ಪೆಟ್ರೋಲು ತುಂಬಿಸಿಕೊಂಡು, ಮಧ್ಯಾಹ್ನ ಮುಂಬಯಿಯ ಜುಹು ಬಯಲಿನಲ್ಲಿ ಇಳಿದರು. ಅಲ್ಲಿ ಕಾದಿದ್ದ ವಿನ್ಸೆಂಟರು ದಕ್ಷಿಣದ ಟಪಾಲನ್ನು ತಮ್ಮ ವಿಮಾನಕ್ಕೆ ಹೇರಿಸಿಕೊಂಡು ಬಳ್ಳಾರಿಯ ದಾರಿ ಹಿಡಿದರು. ಅದು ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನ. ಗಂಟೆಗೆ ನೂರು ಮೈಲಿಯ ಆಸುಪಾಸಿನ ವೇಗ. ಅದರಲ್ಲಿ ರೇಡಿಯೋ ಇರಲಿಲ್ಲ, ದಾರಿ ತೋರುವ ಬೇರೆ ಉಪಕರಣವೂ ಇರಲಿಲ್ಲ. ನದಿಯನ್ನೂ ರೈಲುಹಳಿಯನ್ನೂ ಗುಡ್ಡವನ್ನೂ ಗುರುತಿಟ್ಟುಕೊಂಡೇ ಸಾಗಬೇಕು. ನೇರ ರೇಖೆಯಲ್ಲಿ ಆರುನೂರು ಕಿಲೋಮೀಟರಿಗೂ ಮಿಗಿಲಾದ ಆ ದಾರಿಗೆ ನಾಲ್ಕು ಗಂಟೆಯಾದರೂ ಹಿಡಿದಿರಬೇಕು. ಭೂಪಟದ ಮೇಲೆ ಗೆರೆ ಎಳೆದು ನೋಡಿದರೆ, ಅದು ಕುರುಗೋಡಿನ ಗುಡ್ಡಗಳ ಸಮೀಪದಲ್ಲಿಯೇ ಹಾಯುತ್ತದೆ. ತುಂಗಭದ್ರೆಗೆ ಅಣೆಕಟ್ಟು ಇರದಿದ್ದ ಕಾಲವದು. ಸಂಜೆ ಹೊಲದಿಂದ ಮನೆಗೆ ಮರಳುತ್ತಿದ್ದ ರೈತರು ಎತ್ತುಗಳನ್ನು ನಿಲ್ಲಿಸಿ, ಆಕಾಶದ ಆ ಗುಂಯ್‌ಗುಡುವ ಸದ್ದಿಗೆ ತಲೆಯೆತ್ತಿರಬಹುದೆಂದು ನಾನು ಊಹಿಸಿಕೊಳ್ಳುತ್ತೇನೆ.

ಕತ್ತಲಲ್ಲಿ ಇಳಿಯುವುದಕ್ಕೆ ದಾರಿಯಲ್ಲಿ ದೀಪಗಳಿರಲಿಲ್ಲವಾದ್ದರಿಂದ ಟಪಾಲು ಆ ರಾತ್ರಿ ಬಳ್ಳಾರಿಯಲ್ಲಿಯೇ ತಂಗಿತು. ಮರುದಿನ ವಿನ್ಸೆಂಟರು ಅದನ್ನು ಮದರಾಸಿಗೆ ಮುಟ್ಟಿಸಿದರು. ಬಳ್ಳಾರಿ ಆಗ ಮದರಾಸು ಪ್ರಾಂತದ ಜಿಲ್ಲೆ. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ.

ಸೇವೆ ನೆಲೆಗೊಂಡಿತು. ಮೊದಲ ವರ್ಷದಲ್ಲಿ ವಿಮಾನಗಳು 1,60,000 ಮೈಲಿ ಹಾರಿದವು, 155 ಪ್ರಯಾಣಿಕರನ್ನು ಒಯ್ದವು, 60,000 ರೂಪಾಯಿ ಲಾಭವನ್ನೂ ತಂದವು. ಜುಹು ಬಯಲು ಮಳೆಗಾಲದಲ್ಲಿ ಕೆಸರುಗದ್ದೆಯಾಗುತ್ತಿದ್ದುದರಿಂದ ಆ ತಿಂಗಳುಗಳಲ್ಲಿ ಪುಣೆಗೆ ಹೋಗಿ ಇಳಿಯಬೇಕಾಗುತ್ತಿತ್ತು. ಆದರೂ ಟಪಾಲು ತಡವಾಗಲಿಲ್ಲ. ಮುಂದೆ ಮದರಾಸಿನ ದಾರಿ ಹೈದರಾಬಾದಿನ ಕಡೆಗೆ ಹೊರಳಿ, ಬಳ್ಳಾರಿ ಅದರಿಂದ ಜಾರಿಹೋಯಿತು. 1935ರಲ್ಲಿ ತಿರುವನಂತಪುರಕ್ಕೆ, 1937ರಲ್ಲಿ ದೆಹಲಿಗೆ ದಾರಿಗಳು ತೆರೆದವು. ಇವೆಲ್ಲದರ ಹಿಂದೆ ವಿನ್ಸೆಂಟರ ದುಡಿಮೆಯಿತ್ತು.

ಯುದ್ಧ ಬಂದಾಗ, ವಿಮಾನಗಳನ್ನು ಇಲ್ಲಿಯೇ ಕಟ್ಟಬೇಕೆಂಬ ಯೋಜನೆಯನ್ನು ಹಿಡಿದು ಅವರು ಇಂಗ್ಲೆಂಡಿಗೆ ಹೋದರು. 1942ರ ಜನವರಿಯಲ್ಲಿ, ಬೇಗ ಮರಳಬೇಕೆಂಬ ಆತುರದಿಂದ ಹಡ್ಸನ್ ಎಂಬ ಸೈನಿಕ ವಿಮಾನವನ್ನು ಹತ್ತಿದರು. ಅದು ಭಾರತವನ್ನು ಮುಟ್ಟಲಿಲ್ಲ. ಫ್ರಾನ್ಸಿನ ಕರಾವಳಿಯಾಚೆ ಶತ್ರುಗಳು ಅದನ್ನು ಹೊಡೆದುರುಳಿಸಿದರೆಂದು ನಂಬಲಾಗಿದೆ. ನಲವತ್ತರ ಹೊಸಿಲಿನಲ್ಲಿ, ಬೇರೊಬ್ಬರು ನಡೆಸುತ್ತಿದ್ದ ವಿಮಾನದಲ್ಲಿ ಪ್ರಯಾಣಿಕರಾಗಿ ಅವರು ಹೋದರು. ಭಾರತದ ವಾಯುಸಾರಿಗೆಯ ಕೀರ್ತಿಯಲ್ಲಿ ದೊಡ್ಡ ಪಾಲು ಅವರದೆಂದು ಟಾಟಾರವರು ಕೊನೆಯವರೆಗೂ ಹೇಳುತ್ತಿದ್ದರು.

ಈ ಕಥೆಯನ್ನು ನನ್ನ ವಿದ್ಯಾರ್ಥಿಗೆ ಹೇಳಿದೆ. ಪುಸ್ ಮಾತ್‌ನಲ್ಲಿ ಸಹಚಾಲಕನ ಆಸನವೇ ಇರಲಿಲ್ಲ. ವಿಮಾನ ಹತ್ತಿದವನೇ ಅದರ ಒಡೆಯ. ಹಾಗಿದ್ದರೂ ಅವರು ಕಾಯದೆ ಬಿಟ್ಟವರಲ್ಲ, ಮೂರು ವರ್ಷ ಕಾದರು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ವಿನಯದಿಂದಲೇ ನನ್ನನ್ನು ತಿದ್ದಿದನು. ವಿನ್ಸೆಂಟರು ಕಾದದ್ದು ಇಲ್ಲದ ದಾರಿಯೊಂದು ತೆರೆಯಲೆಂದು. ಅರ್ಜಿಯನ್ನು ತಿದ್ದಿ ಬರೆಯುವುದಾದರೂ ಅವರ ಕೈಯಲ್ಲಿತ್ತು. ತಾನು ಕಾಯುತ್ತಿರುವುದು ಇದ್ದ ದಾರಿಯಲ್ಲಿ, ಇತರರ ಬೆನ್ನ ಹಿಂದೆ. ಕ್ಯಾಪ್ಟನ್ ಆಗಲು ಬೇಕಾದ ಮೇಲಿನ ಪರವಾನಗಿಗೆ 1,500 ಗಂಟೆಗಳ ಹಾರಾಟ ಸಾಕು. ಅದನ್ನು ಮುಗಿಸಿ ಬಹಳ ಕಾಲವಾಯಿತು. ಆ ಮೇಲಿನದೆಲ್ಲ ಕಂಪನಿ ಎಷ್ಟು ಹೊಸ ವಿಮಾನ ತರಿಸುತ್ತದೆ, ಎಷ್ಟು ಹಿರಿಯರು ಅರುವತ್ತೈದು ತುಂಬಿ ನಿವೃತ್ತರಾಗುತ್ತಾರೆ ಎಂಬುದರ ಲೆಕ್ಕ. ಬ್ಯಾಂಕಿನ ಬಡ್ಡಿ ಮಾತ್ರ ಯಾವ ಪಟ್ಟಿಗೂ ಕಾಯುವುದಿಲ್ಲ.

ಅವನ ಮಾತು ನಿಜ. 1953ರಲ್ಲಿ ಎಂಟು ಖಾಸಗಿ ಕಂಪನಿಗಳನ್ನು ರಾಷ್ಟ್ರೀಕರಿಸಿ ಇಂಡಿಯನ್ ಏರ್‌ಲೈನ್ಸ್ ಕಟ್ಟಿದಂದು, 2024ರಲ್ಲಿ ವಿಸ್ತಾರಾ ಕಂಪನಿ ಏರ್ ಇಂಡಿಯಾದಲ್ಲಿ ವಿಲೀನವಾದಂದು, ಚಾಲಕರ ಮನೆಗಳಲ್ಲಿ ಎದ್ದಿರಬಹುದಾದ ಮೊದಲ ಪ್ರಶ್ನೆ ಯಾರ ಹೆಸರು ಯಾರ ಮೇಲೆ ಎಂಬುದೇ ಅಲ್ಲವೆ? 2019ರಲ್ಲಿ ಜೆಟ್ ಏರ್‌ವೇಸ್ ನಿಂತಾಗ ಎಷ್ಟೋ ಜನರ ವರ್ಷಗಳು ಒಂದೇ ರಾತ್ರಿಯಲ್ಲಿ ಬೆಲೆ ಕಳೆದುಕೊಂಡವು. ಸಾಹಸಿಯ ಜೀವನಚರಿತ್ರೆಯನ್ನು ಹೇಳಿ ಸಂಬಳಗಾರನ ಸಂಕಟವನ್ನು ಸಮಾಧಾನಪಡಿಸಹೊರಟ ನನ್ನ ಮೇಷ್ಟರಿಕೆಗೆ ನನಗೇ ನಾಚಿಕೆಯಾಯಿತು.

ಆದರೂ ಹೊರಡುವಾಗ ಅವನು ಒಂದು ಮಾತು ಹೇಳಿ ಹೋದನು. ರಾತ್ರಿಯ ಹಾರಾಟದಲ್ಲಿ ಕೆಲವೊಮ್ಮೆ ಬಳ್ಳಾರಿಯ ದೀಪಗಳು ಬಹಳ ಕೆಳಗೆ ಕಾಣಿಸುತ್ತವಂತೆ. ಅವುಗಳ ಬಡಗಣಕ್ಕೆ ಕುರುಗೋಡಿನ ನಾಲ್ಕಾರು ದೀಪಗಳನ್ನು ಅವನ ಕಣ್ಣು ಹುಡುಕುತ್ತದಂತೆ. ದೀಪವಿಲ್ಲದೆ ಒಬ್ಬ ವೈಮಾನಿಕ ಅಲ್ಲಿ ರಾತ್ರಿ ಕಳೆದನೆಂಬುದನ್ನು ಇನ್ನು ಮೇಲೆ ಎಡಗಡೆ ಕುಳಿತವರಿಗೆ ಹೇಳುತ್ತೇನೆ ಎಂದನು. ಎಡಗಡೆ ತಾನೇ ಕುಳಿತು, ಬಲಗಡೆಯ ಕಿರಿಯನೊಬ್ಬನಿಗೆ ಅದನ್ನು ಅವನು ಹೇಳುವ ದಿನಕ್ಕಾಗಿ ಕುರುಗೋಡಿನಲ್ಲಿ ಅವನ ತಂದೆ ಕಾಯುತ್ತಿದ್ದಾರೆ, ಇಲ್ಲಿ ನಾನೂ.