ಅನ್ನವಿಟ್ಟು ಅಕ್ಷರ ಕಲಿಸಿದ ಸುತ್ತೂರು ಶ್ರೀಗಳು

ನಂಜನಗೂಡಿನಿಂದ ಹರಿದು ಬರುವ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಇವೆರಡರ ನಡುವೆ ಕಪಿಲೆಯ ದಡದಲ್ಲಿರುವ ಊರು ಸುತ್ತೂರು. ಇಲ್ಲಿನ ವೀರಸಿಂಹಾಸನ ಮಠದ 23ನೆಯ ಪೀಠಾಧಿಪತಿ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮೀಜಿಯವರು (1916-1986) ನಮ್ಮ ಭಾಗದ ಶಿಕ್ಷಣ ಕ್ಷೇತ್ರದಲ್ಲಿ ಮರೆಯಲಾಗದ ಹೆಸರು.

1928ರಲ್ಲಿ ಬಾಲ್ಯದಲ್ಲಿಯೇ ಪೀಠವೇರಿದ ಅವರು ಮುಂದೆ ಕಾಶಿಯಲ್ಲಿ ವ್ಯಾಸಂಗ ಮಾಡಿದರು. ಆಗ ಹಳ್ಳಿಯ ಬಡ ಹುಡುಗನಿಗೆ ಓದುವ ಆಸೆಯಿದ್ದರೂ ಮೈಸೂರಿನಲ್ಲಿ ತಂಗಲು ಜಾಗವಿರಲಿಲ್ಲ, ಊಟಕ್ಕೆ ದಾರಿಯಿರಲಿಲ್ಲ. ಇದನ್ನು ಅರಿತ ಸ್ವಾಮೀಜಿಯವರು 1940ರ ದಶಕದ ಆರಂಭದಲ್ಲಿ ಅಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದರು. ಕಷ್ಟ ಬಂದಾಗ ಮಠದ ಬೆಳ್ಳಿ-ಬಂಗಾರವನ್ನು ಮಾರಿ ಮಕ್ಕಳಿಗೆ ಊಟ ಹಾಕಿದರೆಂದು ಹಿರಿಯರು ಇಂದಿಗೂ ನೆನೆಯುತ್ತಾರೆ.

1954ರಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠ ಸ್ಥಾಪನೆಯಾಯಿತು. 1963ರಲ್ಲಿ ಇಂಜಿನಿಯರಿಂಗ್ ಕಾಲೇಜು, 1984ರಲ್ಲಿ ವೈದ್ಯಕೀಯ ಕಾಲೇಜು ಬಂದವು. ಮೊದಲು ಹಸಿವು ನೀಗಬೇಕು, ಆಮೇಲೆ ಪಾಠ. ಸರ್ಕಾರವೇ ಎಲ್ಲವನ್ನೂ ಮಾಡಲೆಂದು ಕಾಯದೆ ಸಮಾಜ ತಾನೇ ಮುಂದಾಗಬೇಕು. ವಿದ್ಯೆಗೆ ಜಾತಿ-ಮತಗಳ ಬೇಲಿ ಇರಬಾರದು. ಇದು ಅವರ ಕೆಲಸದಿಂದ ತಿಳಿಯುವ ಶಿಕ್ಷಣ ತತ್ವ.

ಸಂಘದ ಸದಸ್ಯರೇ, ಹತ್ತನೆಯ ತರಗತಿ ಪಾಸಾದ ಜಾಣ ಹುಡುಗ ಗ್ಯಾರೇಜಿಗೆ ಸೇರುವುದನ್ನೂ, ಬಸ್ಸಿನ ದೂರಕ್ಕೆ ಹೆದರಿ ಹೆಣ್ಣುಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳುವುದನ್ನೂ ಶಿಕ್ಷಕನಾಗಿ ನಾನು ಕಂಡಿದ್ದೇನೆ. ಇವರಿಗೆ ಬುದ್ಧಿಯ ಕೊರತೆಯಿಲ್ಲ. ಕೊರತೆಯಿರುವುದು ತಂಗಲು ಒಂದು ಕೋಣೆಗೆ, ಎರಡು ಹೊತ್ತಿನ ಊಟಕ್ಕೆ. ದೊಡ್ಡ ಕಾಲೇಜಿನ ಕನಸಿಗೆ ಮೊದಲು ನಾವೂ ಒಂದು ಪುಟ್ಟ ವಿದ್ಯಾರ್ಥಿನಿಲಯದಿಂದ ಆರಂಭಿಸೋಣ. ವಿದ್ಯಾರ್ಥಿಗಳೇ, ಇನ್ನೊಬ್ಬರ ತ್ಯಾಗದಿಂದ ಸಿಕ್ಕ ಓದನ್ನು ನಡುವೆ ಬಿಡಬೇಡಿ.